ಗುಂಡಿನ ಬೆನ್ನಿಗೆ ಬರುವ ಓ

ಆ ಶುಕ್ರವಾರ ಬಂಕಾಪುರದ ಮಸೀದಿಯಲ್ಲಿ ಹಯಾತ ನಮಾಜಿಗೆ ನಿಂತಾಗಲೂ ಅವನ ಕಿವಿ ಮಾತ್ರ ರಸ್ತೆಯ ಕಡೆಗೇ ಇತ್ತು. ಶಿಗ್ಗಾವಿಯ ಬಸ್ಸು ಬಂತೇ? ಹಣೆ ಚಾಪೆಗೆ ಮುಟ್ಟಿದ್ದಾಗಲೇ ಎಲ್ಲೋ ಒಂದು ಹಾರ್ನು ಕೇಳಿ ಮನಸ್ಸು ಬಸ್ಸಿನ ಕಡೆಗೆ ಓಡಿತು. ಬಾಗಿದವನ ಮನಸ್ಸು ಎಲ್ಲೆಲ್ಲಿ ಅಲೆಯುತ್ತದೆಂದು ಬಾಗಿಸಿಕೊಂಡ ದೇವರಿಗೆ ಗೊತ್ತಿರುತ್ತದೆ. ಅವನು ಸಿಟ್ಟಾಗುವುದಿಲ್ಲ, ಕಾಯುತ್ತಾನೆ. ಆದರೆ ಅರವತ್ತು ದಾಟಿದ ಹಯಾತನಿಗೆ ತನ್ನ ಮೇಲೆ ತನಗೇ ಸಿಟ್ಟು ಬಂದಿತ್ತು. ಸೋಮವಾರ ಅವನೊಂದು ಮಾತು ಕೊಟ್ಟಿದ್ದ. ಅದನ್ನು ನಡೆಸುವ ಹೊತ್ತು ಈಗ ಬಸ್ಸಿನಲ್ಲಿ ಕೂತು ಬರುತ್ತಿತ್ತು.

ಹೆದ್ದಾರಿಗೆ ಹೋಗುವ ರಸ್ತೆಯ ಮಗ್ಗುಲಿಗೆ ಹಯಾತನ ಲೇತ್ ಅಂಗಡಿ. ಟ್ರ್ಯಾಲಿಯ ಪಿನ್ನು, ಪಂಪಿನ ಶಾಫ್ಟು, ಗಾಣದ ಬುಷ್ಷು, ಹೀಗೆ ಸವೆದದ್ದನ್ನೂ ಮುರಿದದ್ದನ್ನೂ ತಂದು ಕೊಟ್ಟರೆ ಲೇತಿಗೆ ಕಚ್ಚಿಸಿ, ತಿರುಗಿಸಿ, ಹೆರೆದು, ಮತ್ತೆ ದುಡಿಯುವಂತೆ ಮಾಡಿಕೊಡುತ್ತಾನೆ. ಸೋಮವಾರ ಇಳಿಹೊತ್ತಿನಲ್ಲಿ ದುಂಡಸಿಯ ಗುಡ್ಡಪ್ಪ ಬಂದು ಸ್ಟೂಲಿನ ಮೇಲೆ ಕೂತಿದ್ದ. ಇಬ್ಬರೂ ಒಂದೇ ವಾರಿಗೆಯವರು, ಮೀಸೆ ಮೂಡುವ ಮೊದಲಿನಿಂದ ಗೆಳೆಯರು.

“ಹಯಾತ, ನನ್ನ ಬಂದೂಕಿನ ಮೂತಿಗೆ ಥ್ರೆಡ್ ಹಾಕಿಕೊಡಬೇಕಲ್ಲೋ,” ಎಂದಿದ್ದ ಗುಡ್ಡಪ್ಪ.

“ಯಾಕ? ಬಂದೂಕಿಗೆ ನಲ್ಲಿ ಕುಂದರ್ಸಾಂವ ಇದ್ದೀಯೇನು?”

ಗುಡ್ಡಪ್ಪ ನಗಲಿಲ್ಲ. ಕಿಸೆಯಿಂದ ಕರ್ಚೀಫಿನಲ್ಲಿ ಸುತ್ತಿದ ಒಂದು ಕರಿ ಡಬ್ಬಿ ತೆಗೆದ. ಗೇಣುದ್ದದ್ದು, ನಡುವೆ ತೂತು, ಒಂದು ಬಾಯಿಯ ಒಳಗೆ ತಿರುಪಿನ ಗೆರೆಗಳ ಥ್ರೆಡ್ಡು. ಅವನ ಮಗಳ ಗಂಡ ಸಂಜಯ ಎಲ್ಲಿಂದಲೋ ತಂದುಕೊಟ್ಟದ್ದು. ನಳಿಗೆಯ ಮೂತಿಗೂ ಥ್ರೆಡ್ ಹಾಕಿಸಿ ಇದನ್ನು ತಿರುವಿ ಕೂರಿಸಿದರೆ ಗುಂಡಿನ ಸದ್ದು ಅಡಗುತ್ತದಂತೆ.

“ನನ್ನ ಸಲುವಾಗಿ ಅಲ್ಲೋ. ಅಡಿವೆವ್ವನ ಸಲುವಾಗಿ.”

ಗುಡ್ಡಪ್ಪನ ಮನೆ ಹೊಲದಲ್ಲೇ ಇದೆ. ಗುಡ್ಡದ ಕಡೆಯಿಂದ ಇಳಿದು ಬರುವ ಕಾಡುಹಂದಿಗಳಿಗೆ ಮೊದಲು ಸಿಗುವುದು ಅವನ ಗೋವಿನಜೋಳವೇ. ಅಪ್ಪನ ಕಾಲದ ಒಂದು ರೈಫಲ್ ಇದೆ, ಬೆಳೆ ಕಾಯಲು ಅದಕ್ಕೆ ಪರವಾನಗಿಯೂ ಇದೆ. ಇಷ್ಟು ವರ್ಷ ಅದರ ಸದ್ದು ಯಾರಿಗೂ ಭಾರವಾಗಿರಲಿಲ್ಲ. ಆದರೆ ಈ ಯುಗಾದಿಯ ಮುಂದೆ ಅವನ ಹೆಂಡತಿ ಅಡಿವೆವ್ವನಿಗೆ ಲಕ್ವ ಹೊಡೆಯಿತು. ಔಷಧಿ, ಎಣ್ಣೆ, ಹರಕೆ ಎಲ್ಲ ಆಗಿ ಕೈಕಾಲು ತಿರುಗಿ ಬಂದವು. ಧೈರ್ಯ ಮಾತ್ರ ತಿರುಗಿ ಬರಲಿಲ್ಲ. ಈಗ ಒಂದು ಗುಂಡು ಹಾರಿದರೆ ಹಾಸಿಗೆಯಲ್ಲಿ ಎದ್ದು ಕೂತು ಚೀರುತ್ತಾಳೆ. ಮರುದಿನ ರೊಟ್ಟಿ ಮುಟ್ಟುವುದಿಲ್ಲ.

“ಬಂದೂಕು ಕೆಳಗಿಟ್ರ ಹಂದಿ ಬೆಳಿ ತಿಂತಾವ. ಎತ್ತಿದ್ರ ಆ ಸದ್ದು ಇಕಿನ್ನ ತಿಂತೈತಿ. ನೀನ ಹೇಳು, ನಾ ಏನು ಮಾಡ್ಲಿ?”

“ಹೂಂ,” ಎಂದುಬಿಟ್ಟ ಹಯಾತ. “ಶುಕ್ರವಾರ ನಮಾಜ್ ಮುಗದ ಮ್ಯಾಲ ತಾ. ಅಂಗಡಿಯಾಗ ಯಾರೂ ಇರೂದಿಲ್ಲ.”

ಗುಡ್ಡಪ್ಪನಿಗೆ ಹಯಾತ ಇಲ್ಲ ಎಂದದ್ದೇ ಇರಲಿಲ್ಲ. ಅದರ ಕಾರಣ ಗುಡ್ಡಪ್ಪನ ಎಡಗೈಯಲ್ಲೇ ಇತ್ತು. ಈ ಲೇತು ಹುಬ್ಬಳ್ಳಿಯಿಂದ ಲಾರಿಯಲ್ಲಿ ಬಂದ ದಿನ, ಇಳಿಸುವಾಗ ಹಗ್ಗ ಹರಿದು ಅದರ ಭಾರವೆಲ್ಲ ಹಯಾತನ ಕಾಲಿನ ಮೇಲೆ ಬರುವುದಿತ್ತು. ಗುಡ್ಡಪ್ಪ ಕೈಕೊಟ್ಟು ತಡೆದ. ಕಾಲು ಉಳಿಯಿತು, ಗುಡ್ಡಪ್ಪನ ಹೆಬ್ಬೆರಳು ಲೇತಿನಡಿ ಸಿಕ್ಕಿತು. ಅವತ್ತಿನಿಂದ ಅದು ಮಡಚುವುದಿಲ್ಲ. ಅವನು ಅದರ ಮಾತನ್ನು ಒಮ್ಮೆಯೂ ಎತ್ತಿದವನಲ್ಲ. ಎತ್ತದೆ ಇದ್ದುದರಿಂದಲೇ ಹಯಾತನಿಗೆ ಅದು ಹೆಚ್ಚು ಕಾಣುತ್ತಿತ್ತು. ಚಹಾದ ಕಪ್ಪು ಹಿಡಿದಾಗಲೆಲ್ಲ ಆ ಬೆರಳು ಕಪ್ಪಿನ ಆಚೆ ನೆಟ್ಟಗೆ ನಿಂತಿರುತ್ತಿತ್ತು.

ಮಾತು ಕೊಟ್ಟ ರಾತ್ರಿಯಿಂದಲೇ ಹಯಾತನ ನೆಮ್ಮದಿ ಕೆಟ್ಟಿತು. ಅಂಥ ಡಬ್ಬಿ ಹಾಕುವುದು ಕಾಯ್ದೆಗೆ ವಿರುದ್ಧ ಎಂದು ಅವನಿಗೆ ಗೊತ್ತು. ಪೊಲೀಸರಿಗೆ ಸುಳಿವು ಸಿಕ್ಕರೆ ಅಂಗಡಿಗೆ ಬೀಗ, ಮಗ ಮುಬಶೀರನ ಹೊಟ್ಟೆಯ ಮೇಲೆ ಕಲ್ಲು. ‘ಪೊಲೀಸರ ಅಂಜಿಕಿ ಐತಿ ಮಾರಾಯಾ, ನನ್ನ ಕಡೆ ಆಗೂದಿಲ್ಲ’ ಎಂಬ ಮಾತನ್ನು ಅವನು ಪಿನ್ನು ಹೆರೆಯುತ್ತ, ಶಾಫ್ಟು ಒರೆಸುತ್ತ ಬಾಯಿಪಾಠ ಮಾಡಿದ. ಅಂಜಿಕೆ ಸುಳ್ಳಾಗಿರಲಿಲ್ಲ. ಆದರೂ ಚುಚ್ಚುತ್ತಿದ್ದದ್ದು ಅದಲ್ಲ. ಬೇರೆ ಏನೋ ಒಂದು, ಬೆರಳಿನೊಳಗೆ ಮುರಿದ ಸಣ್ಣ ಲೋಹದ ಚೂರಿನ ಹಾಗೆ, ಒತ್ತಿದರೆ ನೋಯುತ್ತಿತ್ತು, ನೋಡಿದರೆ ಕಾಣುತ್ತಿರಲಿಲ್ಲ.

ಅವನ ಹೆಂಡತಿ ಮರಿಯಮಬಿ ಗುರುವಾರ ಊಟಕ್ಕೆ ಬಡಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಏನ್ರಿ, ಸಾರಿನಾಗ ಬೆರಳು ತಿರಿಗ್ಯಾಡಸಾಕತ್ತೀರಿ. ತಾಟು ಏನು ಲೇತ ಐತೇನ್ರಿ?”

“ಏನಿಲ್ಲ.”

“ಏನಿಲ್ಲ ಅನ್ನಾಂವ ಗ್ವಾಡಿ ಜೋಡಿ ಮಾತಾಡ್ತಾನೇನು? ಮುಂಜಾನಿ ಕೇಳಿದ್ನಿ ನಾನು. ಗ್ವಾಡಿಗೆ ‘ಮಾರಾಯಾ’ ಅನ್ನಾಕತ್ತಿದ್ರಿ.”

ಹಯಾತ ಕೈತೊಳೆದು ಎದ್ದುಹೋದ.

ಶುಕ್ರವಾರ ನಮಾಜು ಮುಗಿಸಿ ಬಂದಾಗ ಗುಡ್ಡಪ್ಪ ಅಂಗಡಿಯ ಮುಂದೆ ನಿಂತೇ ಇದ್ದ. ಹೆಗಲಿಗೆ ಕಂಬಳಿ, ಕಂಬಳಿಯೊಳಗೆ ಮರದ ಹಿಡಿ ಬಿಚ್ಚಿಟ್ಟು ಬಂದ ಬರೀ ನಳಿಗೆ. ಮುಬಶೀರ ಸವಣೂರಿಗೆ, ಅಕ್ಕ ಗುಲ್ನಾರಳ ಮನೆಗೆ ಹೋಗಿದ್ದ. ಹಯಾತ ಶಟರನ್ನು ಎದೆಮಟ್ಟ ಎತ್ತಿದ, ಇಬ್ಬರೂ ಬಗ್ಗಿ ಒಳಗೆ ಹೋದರು.

“ಕಂಡಕ್ಟರ್ ಕೇಳಿದ, ಏನಜ್ಜಾ ಅದು ಅಂತ,” ಎಂದ ಗುಡ್ಡಪ್ಪ. “ಒಕ್ಕಲುತನದ ಸಾಮಾನು ಅಂದೆ.”

“ಲೈಸೆನ್ಸ್ ಐತಲ್ಲೋ ನಿನಗ. ಮತ್ತ ಮುಚ್ಚಿಕೊಂಡು ಯಾಕ ಬಂದಿ?”

ಗುಡ್ಡಪ್ಪ ಅತ್ತಿತ್ತ ನೋಡಿದ. “ಶಟರ್ ಇನ್ನೊಂದೀಟು ಕೆಳಗ ಎಳಿ,” ಎಂದ.

ಹಯಾತ ಎಳೆದ. ನಳಿಗೆಯನ್ನು ಲೇತಿಗೆ ಕಚ್ಚಿಸಿದ. ಸರಿಯಾಗಿ ಕೂತಿಲ್ಲ ಅನ್ನಿಸಿ ಬಿಚ್ಚಿ ಮತ್ತೆ ಕಚ್ಚಿಸಿದ. ಎಣ್ಣೆ ಬಿಟ್ಟ ಕಡೆಗೇ ಮತ್ತೆ ಎಣ್ಣೆ ಬಿಟ್ಟ. ಟೂಲು ಮಸೆದ, ಬೆರಳಿನಿಂದ ಮುಟ್ಟಿ ನೋಡಿ ಮತ್ತೆ ಮಸೆದ. ಆಮೇಲೆ ಕಪಾಟಿನ ಮೇಲೆ, ಡಬ್ಬಗಳ ಹಿಂದೆ, ಲೇತಿನ ಕೆಳಗೆ ಏನನ್ನೋ ಹುಡುಕತೊಡಗಿದ.

“ಕನ್ನಡಕ ಹಣಿಮ್ಯಾಲ ಐತಿ, ಮುದುಕಾ,” ಎಂದ ಗುಡ್ಡಪ್ಪ.

“ನೀನೇನು ಎಳೀ ಹುಡುಗನೇನು?”

“ಕಣ್ಣರೆ ನೆಟ್ಟಗದಾವ ನನ್ನವು. ಚಾಲೂ ಮಾಡಲೇ. ಬಸ್ಸು ತಪ್ಪತೈತಿ.”

ಹಯಾತನಿಗೆ ಒಂದು ರೂಢಿ. ಎಂಥ ಸಣ್ಣ ಕೆಲಸವಿರಲಿ, ಲೇತಿನ ಹಿಡಿಕೆ ಒತ್ತುವ ಮುಂಚೆ ‘ಬಿಸ್ಮಿಲ್ಲಾ’ ಎನ್ನುತ್ತಾನೆ. ಅನ್ನಬೇಕೆಂದು ಅನ್ನುವುದಲ್ಲ, ಕೈ ಹಿಡಿಕೆಗೆ ಹೋದರೆ ನಾಲಿಗೆ ತಾನೇ ಆಡುತ್ತದೆ. ಇವತ್ತು ಕೈ ಹೋಯಿತು, ನಾಲಿಗೆ ಆಡಲಿಲ್ಲ. ಅವನು ಹಿಡಿಕೆಯನ್ನು ಹಾಗೆಯೇ ಒತ್ತಿದ. ಲೇತು ಗೊಣಗುತ್ತ ಎದ್ದಿತು. ನಳಿಗೆ ತಿರುಗುತ್ತ ತಿರುಗುತ್ತ ನಿಂತಂತೆಯೇ ಕಾಣತೊಡಗಿತು. ಟೂಲನ್ನು ಹತ್ತಿರ ತಂದ, ಕೂದಲೆಳೆಯಷ್ಟು ಉಳಿದಾಗ ಹಿಂದಕ್ಕೆ ಸರಿಸಿದ. ಮತ್ತೆ ತಂದ, ಮತ್ತೆ ಸರಿಸಿದ.

“ಏನಲೇ, ಲಗ್ನದ ಹುಡುಗ ಹುಡಿಗಿ ಮಾರಿ ನೋಡಿದಂಗ ಮಾಡಾಕತ್ತಿ!”

ಹಯಾತ ಹಲ್ಲುಕಚ್ಚಿ ಟೂಲನ್ನು ಮುಂದೂಡಿದ. ಅದೇ ಗಳಿಗೆಗೆ ಕರೆಂಟು ಹೋಯಿತು.

ಲೇತು ಉಸ್ಸೆಂದು ನಿಂತಿತು. ನಳಿಗೆಯ ಮೈಗೆ ಗೀರೂ ಬಿದ್ದಿರಲಿಲ್ಲ. ಶಟರಿನ ಕೆಳಗಿನಿಂದ ಒಂದು ಪಟ್ಟಿ ಬಿಸಿಲು ಒಳಗೆ ಬಂದು ನೆಲದ ಮೇಲಿನ ಉಕ್ಕಿನ ಸುರುಳಿಗಳನ್ನು ಹೊಳೆಯಿಸುತ್ತಿತ್ತು. ಕೋಟೆಯ ಕಡೆಯಿಂದ ನವಿಲೊಂದು ಕೂಗಿತು, ದೂರದಿಂದ ಇನ್ನೊಂದು ಅದಕ್ಕೆ ಉತ್ತರ ಕೊಟ್ಟಿತು. ಹಯಾತ ಬೆವರು ಒರೆಸಿಕೊಂಡ. ಥರ್ಮಾಸಿನ ಚಹಾವನ್ನು ಎರಡು ಕಪ್ಪಿಗೆ ಬಗ್ಗಿಸಿದ.

ಒಂದು ಕಪ್ಪನ್ನು ಗುಡ್ಡಪ್ಪನಿಗೆ ಚಾಚಿ, “ಹಂದಿ ಭಾಳ ಬರಾಕತ್ತಾವೇನು?” ಎಂದು ಕೇಳಿದ.

“ಬರೂದೇನು, ಬೀಗರ ಗತೆ ಬರ್ತಾವ. ಮೊನ್ನಿ ಏನಾತು ಅಂತ ಹೇಳ್ತೇನಿ ಕೇಳು.” ಗುಡ್ಡಪ್ಪ ಸ್ಟೂಲನ್ನು ಮುಂದಕ್ಕೆಳೆದುಕೊಂಡ. “ಹೊತ್ತು ಮುಳುಗಿತ್ತು. ತೆನಿ ಮುರಿಯೂ ಸಪ್ಪಳಾತು. ಗುಂಡು ಹಾರಿಸಿದ್ನಿ. ಹಾರಿಸಿ ಓ ಕರದ್ನಿ.”

ಈ ಓ ಕರೆಯುವುದು ದುಂಡಸಿಯ ಆ ಹೊಲಗಳ ಪದ್ಧತಿ. ಬೆಳೆ ತೆನೆಗೆ ಬಂದಾಗ ಒಂದೊಂದು ಹೊಲದಲ್ಲಿ ಒಂದೊಂದು ಅಟ್ಟ ಕಟ್ಟಿಕೊಂಡು ಜನ ಕಾಯುತ್ತಾರೆ. ಆಳೆತ್ತರದ ಗೋವಿನಜೋಳದೊಳಗೆ ಕತ್ತಲಲ್ಲಿ ನಡೆದರೆ ಮನುಷ್ಯನೂ ಹಂದಿಯೂ ಒಂದೇ ಸಪ್ಪಳ ಮಾಡುತ್ತಾರೆ. ಅದಕ್ಕೇ ಗುಂಡು ಹಾರಿಸಿದವನು ಹಂದಿ ಬಿತ್ತೋ ಓಡಿತೋ ಎಂದು ಮೊದಲು ನೋಡುವ ಹಾಗಿಲ್ಲ. ಬಂದೂಕು ಕೆಳಗಿಟ್ಟು ‘ಓ’ ಎಂದು ಉದ್ದಕ್ಕೆ ಕೂಗಬೇಕು. ಕೆರೆಯ ಕಡೆಯ ಅಟ್ಟದಿಂದ ಶುರುವಾಗಿ ಒಬ್ಬೊಬ್ಬರಾಗಿ ‘ಇದ್ದೇನಿ’ ಎನ್ನುತ್ತಾರೆ. ಎಲ್ಲರದೂ ಬಂದ ಮೇಲೆಯೇ ಅಟ್ಟದಿಂದ ಇಳಿಯುವುದು, ಎಲ್ಲರದೂ ಬಂದ ಮೇಲೆಯೇ ಇನ್ನೊಂದು ಗುಂಡು. ಯಾವ ಹಿರಿಯರು ಹಾಕಿಕೊಟ್ಟರೋ, ದೇವರ ಹೆಸರಿನಷ್ಟೇ ಅದನ್ನು ನಂಬಿಕೊಂಡು ಬಂದಿದ್ದಾರೆ.

“ಎಲ್ಲಾರದೂ ಬಂತು, ಬಾಜೂ ಹೊಲದ ಮಾಳಪ್ಪಂದು ಬರಲಿಲ್ಲ,” ಗುಡ್ಡಪ್ಪ ಮುಂದುವರಿಸಿದ. “ಮತ್ತ ಕರದ್ನಿ. ಇಲ್ಲ. ಕೈಕಾಲು ತಣ್ಣಗಾದ್ವು ನನಗ. ಮುಂದ ಎಲ್ಲಿಂದ ಬಂತು ಗೊತ್ತೇನು ಅವನ ದನಿ? ಅವನ ಅಟ್ಟದಿಂದ ಅಲ್ಲ. ನನ್ನ ಹೊಲದ ಬದುವಿನಿಂದ! ‘ಇದ್ದೇನೋ ಯಪ್ಪಾ, ಚರಿಗಿ ತಗೊಂಡು ಬೈಲಕಡೆ ಬಂದೇನಿ, ಇನ್ನೊಂದು ಹೊಡೀಬ್ಯಾಡ!’ ಸಪ್ಪಳ ಕೇಳಿದ್ದ ತಡ ಚರಿಗಿ ಒಗದು ನೆಲಕ್ಕ ಬೋರಲು ಬಿದ್ದಾನ. ಕೆಸರಾಗ ಬಿದ್ದ ಎಮ್ಮಿ ಕಂಡಂಗ ಕಂಡ ನೋಡು!”

ಗುಡ್ಡಪ್ಪ ತೊಡೆ ಬಡಿದುಕೊಂಡು ನಕ್ಕ. ಹಯಾತನೂ ನಕ್ಕ. ನಗುತ್ತಿದ್ದ ಹಾಗೆಯೇ ಅವನ ಕೈಯ ಕಪ್ಪು ಬಾಯಿಗೆ ಹೋಗುವ ದಾರಿಯಲ್ಲಿ ನಿಂತಿತು. ನಾಲ್ಕು ದಿನದಿಂದ ಕಾಣದ ಆ ಚೂರು ಈಗ ಕಂಡಿತ್ತು.

“ಗುಡ್ಡಪ್ಪ, ಮಾಳಪ್ಪ ಬೋರಲು ಯಾಕ ಬಿದ್ದ?”

“ಯಾಕ ಅಂದ್ರ? ಗುಂಡಿನ ಸಪ್ಪಳ ಕೇಳಿ ಬಿದ್ದ.”

“ಈ ಡಬ್ಬಿ ಹಾಕಿದ ಮ್ಯಾಲ ಏನು ಕೇಳಿ ಬೀಳ್ತಾನ?”

ಗುಡ್ಡಪ್ಪನ ನಗು ಮುಖದ ಮೇಲೆಯೇ ಉಳಿಯಿತು, ಕಣ್ಣಿನಿಂದ ಮಾತ್ರ ಹೋಯಿತು.

“ಮನ್ಯಾಗ ಮಲಗಿದ ಅಡಿವೆಕ್ಕಗ ಕೇಳಬಾರದು ಅಂತ ಹಾಕ್ಸಾಕತ್ತಿ,” ಎಂದ ಹಯಾತ. “ಅಕಿಗೇ ಕೇಳದ್ದು ಕೆರಿ ಕಡೆ ಅಟ್ಟಕ್ಕ ಕೇಳತೈತೇನು? ಕೇಳಲಿಲ್ಲ ಅಂದ್ರ ಬದುವಿನಾಗ ಇದ್ದಾಂವ ನೆಟ್ಟಗ ನಡದು ಬರ್ತಾನ. ಯಾವ ಕಡೆಯಿಂದ ಗುಂಡು ಬರ್ತಾವ ಅಂತ ಅವಗೇನು ಗೊತ್ತು?”

“ನಾ ಮೊದಲ ಕೂಗಿ ಆಮ್ಯಾಲ ಹೊಡೀತೇನಿ.”

“ಕೂಗಿದ್ರ ಹಂದಿ ನಿನ್ನ ಸಲುವಾಗಿ ನಿಂತಿರ್ತಾವೇನು?”

ಅಷ್ಟರಲ್ಲಿ ಕರೆಂಟು ಬಂತು. ಹಯಾತ ಹಿಡಿಕೆಯನ್ನು ಹಿಂದಕ್ಕೆ ತೆಗೆದಿರಲಿಲ್ಲ. ಲೇತು ತಾನೇ ಗರ್ರೆಂದು ತಿರುಗತೊಡಗಿತು, ಅದರ ಬಾಯಿಯಲ್ಲಿ ನಳಿಗೆ. ಇಬ್ಬರೂ ಬೆಚ್ಚಿ ಎದ್ದರು, ಚಹಾ ಚೆಲ್ಲಿತು. ಹಯಾತ ಹಾರಿ ಹೋಗಿ ಸ್ವಿಚ್ಚು ಬಡಿದ. ಇಷ್ಟು ವರ್ಷದಲ್ಲಿ ಅವನು ಹಿಡಿಕೆಯನ್ನು ಹಾಗೆ ಬಿಟ್ಟದ್ದೇ ಇರಲಿಲ್ಲ.

“ಕರೆಂಟ್ ಬಂತಲ್ಲ,” ಎಂದ ಗುಡ್ಡಪ್ಪ, ಮೆಲ್ಲಗೆ. “ಮಾಡಿ ಬಿಡು.”

“ಇಲ್ಲ.”

ಆ ಮಾತು ಆಡಿದವನಿಗೂ ಕೇಳಿದವನಿಗೂ ಹೊಸದು. ಇಬ್ಬರೂ ಅದನ್ನು ಅಂಗಡಿಯ ನಡುವೆ ಬಿದ್ದ ಪರರ ವಸ್ತುವಿನ ಹಾಗೆ ನೋಡಿದರು.

“ಮಾತು ಕೊಟ್ಟಿದ್ದಿ, ಹಯಾತ.”

“ಕೊಟ್ಟಿದ್ದೆ. ತಪ್ಪಾತು. ನಿನಗ ಕೊಟ್ಟ ಮಾತಿಗೆ ತಪ್ಪಿದ್ರ ನಿನ್ನ ಮುಂದ ಅಷ್ಟ ಸಣ್ಣಾಂವ ಆಗ್ತೇನಿ. ಇದನ್ನ ಮಾಡಿದ್ರ ಮಾಳಪ್ಪನ ಮನೀ ಮುಂದ ಯಾವ ಮಾರಿ ಇಟಗೊಂಡು ಹೋಗ್ಲಿ?”

ಗುಡ್ಡಪ್ಪ ಎಡಗೈಯನ್ನು ಕಂಬಳಿಯ ಕೆಳಗೆ ಸರಿಸಿದ. ಆ ಬೆರಳನ್ನು ಮುಂದೆ ಚಾಚಿ ಕೇಳಬಹುದಿತ್ತು. ಕೇಳಲಿಲ್ಲ.

“ಹಂಗಾರ ಅಕಿಗೆ ಏನು ಹೇಳ್ಲಿ? ಮಾಳಪ್ಪ ಉಳೀಲಿ, ನೀ ಅಂಜಿ ಸಾಯಿ ಅಂತ ಹೇಳ್ಲೇನು?” ನಳಿಗೆಯನ್ನು ತಾನೇ ಬಿಚ್ಚಿಕೊಂಡು ಕಂಬಳಿಯಲ್ಲಿ ಸುತ್ತಿದ. “ಹಾನಗಲ್ಲಾಗ ಲೇತ್ ಇಲ್ಲ ಅಂತ ತಿಳಿದೀಯೇನು? ಬಿಡು.” ಶಟರಿಗೆ ಬಗ್ಗುವಾಗ ತಲೆಗೆ ತಗಲಿತು. ತಿಕ್ಕಿಕೊಳ್ಳಲೂ ಇಲ್ಲ, ಹೋಗಿಬಿಟ್ಟ.

ಹಯಾತ ಮನೆಗೆ ಬಂದು ಕೂತ, ಎದ್ದ, ಮತ್ತೆ ಕೂತ. ನಾಳೆ ಹಾನಗಲ್ಲಿಗೆ ಹೋಗುತ್ತಾನೋ? ಯಾವನೋ ಒಬ್ಬ ಹಿಂದೆ ಮುಂದೆ ಕೇಳದೆ ಹಾಕಿಕೊಟ್ಟರೆ? ಕೊನೆಗೆ ಎಲ್ಲವನ್ನೂ ಮರಿಯಮಬಿಯ ಮುಂದೆ ಹೇಳಿದ. ಅವಳು ಹೆಸರುಕಾಳು ಹಸನು ಮಾಡುತ್ತ ಕೇಳಿದಳು.

“ಇಲ್ಲ ಅಂದ್ರಿ, ಚೊಲೋ ಮಾಡಿದ್ರಿ. ಆದ್ರ ಅಡಿವೆಕ್ಕಗ ಏನು ಮಾಡಿದ್ರಿ?”

“ನಾ ಏನು ಮಾಡ್ಲಿ?”

“ಗಂಡ ಅಟ್ಟದ ಮ್ಯಾಲ. ಅಕಿ ಒಬ್ಬಾಕಿ ಮನ್ಯಾಗ, ಕತ್ತಲಾಗ. ಗಟ್ಟಿಮುಟ್ಟಾದ ನಾನೂ ಅಂಜತಿದ್ದೆ.” ಮೊರ ಬದಿಗಿಟ್ಟು ಎದ್ದಳು. “ನಡ್ರಿ, ಐದರ ಬಸ್ಸು ಐತಿ. ಗುಲ್ನಾರ ಕಳಿಸಿದ ಸವಣೂರ ಖಾರಾ ಡಬ್ಬಿಯಾಗ ಐತಿ, ಅದನ್ನಷ್ಟು ಕಟಗೋತೇನಿ.”

ಅವರು ದುಂಡಸಿಯ ಆ ಹೊಲದ ಮನೆಗೆ ಹೋದಾಗ ಹೊತ್ತು ಮುಳುಗುತ್ತಿತ್ತು. ಗುಡ್ಡಪ್ಪ ಆಗಲೇ ಅಟ್ಟ ಹತ್ತಿದ್ದ. ಅಡಿವೆವ್ವ ಪಡಸಾಲೆಯ ಕಂಬಕ್ಕೆ ಆತು ಕೂತಿದ್ದಳು. ಇವರನ್ನು ಕಂಡು ಗಾಬರಿಯಾದಳು, ಆಮೇಲೆ ಹಿಗ್ಗಿದಳು.

“ಹೇಳದ ಕೇಳದ ಬಂದ್ರೆಲ್ಲಾ, ಹಯಾತಣ್ಣ! ಬರ್ರಿ ಮರಿಯಮಕ್ಕ, ಕುಂತ್ರಿ. ಅವರು ಮಧ್ಯಾಹ್ನದಿಂದ ಮಾರಿ ಉಬ್ಬಿಸ್ಕೊಂಡಾರ. ನಿಮ್ಮ ಜೋಡಿ ಜಗಳಾಡ್ಯಾರೇನು?”

“ಆಡೇವಿ,” ಎಂದ ಹಯಾತ.

“ಆಡ್ರಿ, ಆಡ್ರಿ. ಅದಕ್ಕರೆ ಬಾಯಿ ಬಿಟ್ಟಾರು.”

ಖಾರದ ಪೊಟ್ಟಣ ಬಿಚ್ಚಿ, ಕುರುಕುತ್ತ ಮೂವರೂ ಕೂತರು. ಅಂಗಳದ ಆಚೆ ಗೋವಿನಜೋಳ ಗಾಳಿಗೆ ಸರಸರ ಎನ್ನುತ್ತಿತ್ತು. ಸರಸರ ಎಂದಾಗಲೆಲ್ಲ ಅಡಿವೆವ್ವನ ಕೈ ಬಾಯಿಯ ಹತ್ತಿರ ನಿಲ್ಲುತ್ತಿತ್ತು. ಹಯಾತನ ಕೈಯೂ ನಿಲ್ಲುತ್ತಿತ್ತು. ಕಾಯುವುದು ಏನೆಂದು ಅವನಿಗೆ ಈಗ ತಿಳಿಯುತ್ತ ಬಂತು.

“ಅಕ್ಕ, ಗುಂಡಿನ ಸಪ್ಪಳಕ್ಕ ಅಷ್ಟ್ಯಾಕ ಅಂಜತೀರಿ? ಮೊದಲ ಇದ್ದಿದ್ದಿಲ್ಲಲ್ಲ.”

ಅಡಿವೆವ್ವ ಸೆರಗನ್ನು ಬೆರಳಿಗೆ ಸುತ್ತಿದಳು. “ಲಕ್ವ ಹೊಡದ ದಿನ ಕೂಗಿದ್ನಿ ಅಣ್ಣ, ದನಿ ಹೊರಗ ಬರಲಿಲ್ಲ. ಬಾಯಿ ತಗದ್ರೂ ಸಪ್ಪಳಿಲ್ಲ. ಹೊತ್ತು ಏರೂತನ ಯಾರಿಗೂ ಗೊತ್ತಾಗ್ಲಿಲ್ಲ. ಈಗ ಗುಂಡು ಹಾರತೈತಿ, ಓ ಅಂತಾರ, ಅಟ್ಟದವರೆಲ್ಲಾ ಇದ್ದೇನಿ ಅಂತಾರ. ನನಗ ಮೈಯೆಲ್ಲಾ ಅವತ್ತಿನಂಗ ಆಗತೈತಿ.”

“ಮನಿ ಕಡಿಂದ ಯಾರು ಅಂತಾರ?”

“ಮನೀದು ಯಾರು ಕೇಳ್ತಾರಣ್ಣ? ಅಟ್ಟದವರದಷ್ಟ.”

ಹಯಾತ ಮರಿಯಮಬಿಯ ಮುಖ ನೋಡಿದ. ಅವಳು ಆಗಲೇ ಅಡಿವೆವ್ವನ ಮಗ್ಗುಲಿಗೆ ಸರಿದು ಕೂತಿದ್ದಳು.

ಕತ್ತಲು ಕವಿದ ಸ್ವಲ್ಪ ಹೊತ್ತಿಗೆ ಢಂ ಎಂದಿತು. ಗೋಡೆಯ ಪಾತ್ರೆಗಳು ಗಣಗಣ ಎಂದವು. ಅಡಿವೆವ್ವ ಚೀರಿ ಮರಿಯಮಬಿಯ ತೋಳಿಗೆ ಉಗುರು ಊರಿದಳು. ಮರಿಯಮಬಿ ಕೈ ಬಿಡಿಸಿಕೊಳ್ಳಲಿಲ್ಲ.

“ಓ…” ಅಟ್ಟದಿಂದ ಗುಡ್ಡಪ್ಪನ ದನಿ.

ಕೆರೆಯ ಕಡೆಯಿಂದ ಬಂತು: “ಇದ್ದೇನಿ!” ಇನ್ನೂ ಈಚೆಯಿಂದ: “ಇದ್ದೇನ್ರೆಪಾ!” ಒಂದಾದ ಮೇಲೆ ಒಂದು, ಕತ್ತಲಲ್ಲಿ ಯಾರೋ ದೀಪ ಹಚ್ಚುತ್ತ ಬಂದ ಹಾಗೆ. ಆಮೇಲೆ ನಿಂತಿತು.

“ಮಾಳಪ್ಪಂದು ಬರಲಿಲ್ಲ,” ಎಂದಳು ಅಡಿವೆವ್ವ. ನಡುಗುತ್ತಲೇ ಕುತ್ತಿಗೆ ಎತ್ತಿ ಹೊರಗೆ ಕಿವಿಗೊಟ್ಟಿದ್ದಳು. “ಅಂವ ಯಾವಾಗಲೂ ಹಿಂದ. ಬಾಯಾಗ ಎಲಿಅಡಿಕಿ ಇರತೈತಿ.”

“ಇದ್ದೇನೋ!” ಮಾಳಪ್ಪನ ದನಿ ಬಂತು, ಬಾಯಿ ತುಂಬಿಕೊಂಡ ದನಿಯೇ. ಅಡಿವೆವ್ವ ಉಸಿರು ಬಿಟ್ಟಳು.

“ಈಗ ಮನೀದು,” ಎಂದ ಹಯಾತ, ಎದ್ದು ನಿಂತು. “ನೀವ ಹೇಳ್ರಿ, ಅಕ್ಕ.”

“ನನ್ನ ದನಿ ಹೋಗೂದಿಲ್ಲಣ್ಣ.”

“ಹೋದಷ್ಟು ಹೋಗಲಿ.”

ಅವಳು ಬಾಯಿ ತೆರೆದಳು, ಏನೂ ಬರಲಿಲ್ಲ. ಮರಿಯಮಬಿ ಬೆನ್ನ ಮೇಲೆ ಕೈಯಾಡಿಸಿದಳು. ಮತ್ತೆ ತೆರೆದಳು. ಒಡೆದ ಕೊಳಲಿನಂಥ ದನಿಯೊಂದು ಅಂಗಳ ದಾಟಿತು: “ಮನ್ಯಾಗ… ನಾನೂ ಇದ್ದೇನಿ!”

ಗುಡ್ಡಪ್ಪ ಮತ್ತೆ ಕೂಗಿದ, ಈ ಸಲ ಮನೆಯ ಕಡೆಗೆ ಮುಖ ಮಾಡಿ, “ಓ… ಅಡಿವೀ?”

“ಇದ್ದೇನಿ ಅಂದ್ನೆಲ್ಲಾ! ಹಯಾತಣ್ಣನೂ ಬಂದಾನ!”

ಅಟ್ಟದಿಂದ ಗುಡ್ಡಪ್ಪನ ದನಿ ಬಂತು, ಸ್ವಲ್ಪ ಒರಟಾಗಿ: “ಬಂದಾಂವ ಉಣ್ಣದ ಹೋದಾನು. ಅವಗ ರೊಟ್ಟಿ ಹಾಕು. ನಾ ಕಡೀಕ ಬರ್ತೇನಿ, ಇನ್ನೂ ಹಂದಿ ಅದಾವ.”

ಡಬ್ಬಿಯ ಮಾತು ಅವನು ಎತ್ತಲಿಲ್ಲ, ಹಾನಗಲ್ಲಿನ ಮಾತೂ ಎತ್ತಲಿಲ್ಲ. ನಾಳೆ ಏನು ಮಾಡುತ್ತಾನೋ ಹಯಾತನಿಗೆ ಗೊತ್ತಾಗಲಿಲ್ಲ. ಒಳಗೆ ಅಡಿವೆವ್ವ ಮರಿಯಮಬಿಯ ಕೈ ಹಿಡಿದುಕೊಂಡೇ ಎದ್ದು ರೊಟ್ಟಿಯ ಬುಟ್ಟಿಗೆ ಕೈಹಾಕಿದ್ದಳು.

ರಾತ್ರಿಯ ಇಶಾ ನಮಾಜಿನ ಹೊತ್ತಾಯಿತು. ಹಯಾತ ಕೈ ಮುಖ ಕಾಲು ತೊಳೆದು ಪಡಸಾಲೆಯ ಒಂದು ಮೂಲೆಯಲ್ಲಿ ಟವೆಲ್ ಹಾಸಿ ನಿಂತ. ಈ ಸಲವೂ ಅವನ ಕಿವಿ ಹೊರಗೇ ಇತ್ತು, ಇನ್ನೊಂದು ಗುಂಡು ಹಾರೀತೆಂದು, ಅದರ ಬೆನ್ನಿಗೆ ಓ ಕೇಳಿ ಎಲ್ಲರ ‘ಇದ್ದೇನಿ’ ಬರಬೇಕೆಂದು. ಅವನು ಕಿವಿಯನ್ನು ಒಳಗೆ ಎಳೆಯಲು ಹೋಗಲಿಲ್ಲ. ನಾಲಿಗೆ ತಾನೇ ‘ಬಿಸ್ಮಿಲ್ಲಾ’ ಎಂದಿತು. ಹಾಗೆಯೇ ಬಾಗಿದ.